ನೆಡುವವರು ಮೊದಲು ನೆಲ ನೋಡಲಿ

ಭಾರತದಲ್ಲಿ ಸುಮಾರು 30 ವರ್ಷ ಧರ್ಮಪ್ರಚಾರಕರಾಗಿ ದುಡಿದು ತಾಯ್ನಾಡಿಗೆ ಮರಳಿದ ಫ್ರೆಂಚ್ ಪಾದ್ರಿಯೊಬ್ಬರು 1823ರಲ್ಲಿ ಲಂಡನ್ನಿನಲ್ಲಿ ಒಂದು ಪತ್ರಸಂಕಲನ ಪ್ರಕಟಿಸಿದರು. ಈಗಿರುವ ಪರಿಸ್ಥಿತಿಯಲ್ಲಿ ಹಿಂದೂಗಳನ್ನು ಕ್ರೈಸ್ತ ಧರ್ಮಕ್ಕೆ ತರುವುದು ಅಸಾಧ್ಯವೆಂಬುದು ಅದರ ಸಾರ. ತಮ್ಮ ಲೆಕ್ಕವನ್ನೂ ಅವರು ಮುಚ್ಚಿಡಲಿಲ್ಲ. ದೇಶೀಯ ಸಹಾಯಕರೊಬ್ಬರೊಂದಿಗೆ ಸೇರಿ ಇಷ್ಟು ವರ್ಷಗಳಲ್ಲಿ ತಾವು ಕ್ರೈಸ್ತರನ್ನಾಗಿ ಮಾಡಿದವರು 200ರಿಂದ 300 ಮಂದಿ ಮಾತ್ರ, ಅವರಲ್ಲಿ ಮೂರನೇ ಎರಡು ಭಾಗ ಗತಿಯಿಲ್ಲದ ಅಂತ್ಯಜರು ಹಾಗೂ ಭಿಕ್ಷುಕರು, ಉಳಿದವರಲ್ಲಿ ಹೆಚ್ಚಿನವರು ಮದುವೆ ಸಂಬಂಧಕ್ಕೋ ಇನ್ನಾವುದೋ ಅನುಕೂಲಕ್ಕೋ ಬಂದವರು ಎಂದು ಬರೆದರು. ಧರ್ಮಪ್ರಚಾರದ ಉತ್ಸಾಹ ಉಕ್ಕುತ್ತಿದ್ದ ಅಂದಿನ ಇಂಗ್ಲೆಂಡಿನಲ್ಲಿ ಈ ಮಾತು ಕೋಲಾಹಲವನ್ನೇ ಎಬ್ಬಿಸಿತು. ಮರುವರ್ಷವೇ ಖಂಡನೆಯ ಗ್ರಂಥಗಳು ಹೊರಬಂದವು.

ಆ ಪಾದ್ರಿ ಅಬ್ಬೆ ದ್ಯುಬ್ವಾ. ಭಾರತೀಯರ ನಡೆನುಡಿ, ಆಚಾರ ವಿಚಾರಗಳನ್ನು ಕುರಿತ ಅವರ ಗ್ರಂಥದ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿ ಹಣ ತೆತ್ತು ಕೊಂಡಿತ್ತು. 1816ರಲ್ಲಿ ಅದರ ಇಂಗ್ಲಿಷ್ ಅನುವಾದ ಪ್ರಕಟವಾಯಿತು. ಅದರ ಬಹುಭಾಗಕ್ಕೆ ಹಿಂದಿನ ಜೆಸ್ವಿಟ್ ಪಾದ್ರಿ ಕೆರ್ದು ಅವರ ಬರಹವೇ ಮೂಲವೆಂದು ವಿದ್ವಾಂಸರು ತೋರಿಸಿಕೊಟ್ಟದ್ದು ಬಹಳ ಕಾಲದ ನಂತರ. ಗ್ರಂಥದ ವಿಷಯ ಹಾಗಿರಲಿ. ತಮ್ಮ ಕೆಲಸವೇ ನಿಷ್ಫಲವೆಂದು ಘೋಷಿಸಿದ ಈ ಮನುಷ್ಯ ನಮ್ಮ ಹಾಸನದ ಸೀಮೆಯಲ್ಲಿ ಬಿಟ್ಟುಹೋದದ್ದೇನು ಎಂಬುದು ಇಲ್ಲಿನ ಪ್ರಶ್ನೆ.

1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ, ಟಿಪ್ಪುವಿನ ಕಾಲದಲ್ಲಿ ಬಲವಂತದಿಂದ ಮತ ಬದಲಿಸಬೇಕಾಗಿ ಬಂದಿದ್ದ ಕ್ರೈಸ್ತರನ್ನು ಮತ್ತೆ ಒಗ್ಗೂಡಿಸಲೆಂದು ದ್ಯುಬ್ವಾ ಮೈಸೂರು ಸೀಮೆಗೆ ಬಂದರು. ಚದುರಿದ್ದವರನ್ನು ಹುಡುಕಿ ಕರೆತಂದರೆ ಸಾಲದು, ಅವರು ಹೊಟ್ಟೆ ಹೊರೆಯುವುದು ಹೇಗೆ ಎಂಬ ಪ್ರಶ್ನೆ ಅವರ ಎದುರಿಗಿತ್ತು. ಆದ್ದರಿಂದ ಅವರು ಕೃಷಿ ವಸಾಹತುಗಳನ್ನು ಕಟ್ಟಲು ಹೊರಟರು. ಅವುಗಳಲ್ಲಿ ಮುಖ್ಯವಾದದ್ದು ಹಾಸನದ ಬಳಿಯ ಸಾತಳ್ಳಿ. ಆಗಷ್ಟೇ ಇಂಗ್ಲೆಂಡಿನಿಂದ ಬಂದಿದ್ದ ಸಿಡುಬಿನ ಲಸಿಕೆಯನ್ನು 1803-04ರ ಸುಮಾರಿಗೆ ಮೈಸೂರು ಸೀಮೆಯಲ್ಲಿ ಪ್ರಚುರಪಡಿಸಿದವರಲ್ಲಿಯೂ ಅವರು ಮೊದಲಿಗರು. ಲಸಿಕೆ ಹಾಕುವಾಗ ಇವನು ಕ್ರೈಸ್ತನೇ ಅಲ್ಲವೇ ಎಂದು ಕೇಳುವ ಅಗತ್ಯ ಬೀಳಲಿಲ್ಲ, ಸಿಡುಬಿಗೆ ಮತಭೇದವಿರಲಿಲ್ಲ. ಈ ನಾಡಿನ ಉಡುಪು ಉಟ್ಟು, ಈ ನಾಡಿನ ಊಟ ಉಂಡು ಬದುಕಿದ ಅವರನ್ನು ಇಲ್ಲಿನ ಜನ 'ದೊಡ್ಡ ಸ್ವಾಮಿಯವರು' ಎಂದು ಕರೆದರು.

ದ್ಯುಬ್ವಾ ಅವರನ್ನು ಆದರ್ಶಪುರುಷನನ್ನಾಗಿ ನಿಲ್ಲಿಸಬೇಕೆಂದು ಇದನ್ನೆಲ್ಲ ಹೇಳುತ್ತಿಲ್ಲ. ಅವರ ಬರಹದಲ್ಲಿ ಯುರೋಪಿಯನ್ನನ ಮೇಲರಿಮೆ ಎದ್ದು ಕಾಣುತ್ತದೆ, ಜಾತಿವ್ಯವಸ್ಥೆಯನ್ನು ಕುರಿತು ಅವರಾಡಿದ ಮೆಚ್ಚುಗೆಯ ಮಾತುಗಳು ಇಂದು ಮುಜುಗರ ತರುತ್ತವೆ. ಆದರೂ ಅವರ ಬದುಕಿನಲ್ಲಿ ಒಂದು ವಿಪರ್ಯಾಸವಿದೆ. ಲೆಕ್ಕದ ಪುಸ್ತಕ ತೆರೆದು ನೋಡಿದಾಗ ಅವರಿಗೆ ಕಂಡದ್ದು ಸೋಲು. ಆದರೆ ಲೆಕ್ಕಕ್ಕೆ ತೆಗೆದುಕೊಳ್ಳದ ಕೆಲಸ ಉಳಿದುಕೊಂಡಿತು. ಅವರು ಈ ನೆಲ ಬಿಟ್ಟು 200 ವರ್ಷ ಕಳೆದ ಮೇಲೂ ಹಾಸನದ ಸುತ್ತಲಿನ ಹಳ್ಳಿಗಳಲ್ಲಿ ಕನ್ನಡ ಮಾತನಾಡುವ, ಗದ್ದೆ ಹೊಲ ಮಾಡುವ ಕ್ರೈಸ್ತ ಕುಟುಂಬಗಳಿವೆ.

ಈ ಹಳೆಯ ಕಥೆಯನ್ನು ಈಗ ನೆನೆಯಲು ಕಾರಣವಿದೆ. ಕ್ರೈಸ್ತ ವಲಯದಲ್ಲಿ, ಅದರಲ್ಲೂ ಸ್ವತಂತ್ರ ಪ್ರಾರ್ಥನಾ ಸಭೆಗಳ ನಡುವೆ, 'ಚರ್ಚ್ ಪ್ಲಾಂಟಿಂಗ್' ಎಂಬ ಮಾತು ಕೆಲವು ದಶಕಗಳಿಂದ ಬಹಳವಾಗಿ ಚಾಲ್ತಿಯಲ್ಲಿದೆ. ಸಭೆಯನ್ನು ನೆಡುವುದು ಎಂದು ಅದರ ಅರ್ಥ. ಮಾತು ಹೊಸದಲ್ಲ. ಒಬ್ಬ ನೆಡುತ್ತಾನೆ, ಇನ್ನೊಬ್ಬ ನೀರೆರೆಯುತ್ತಾನೆ, ಬೆಳೆಸುವವನು ದೇವರು ಎಂಬ ಅರ್ಥದ ಮಾತನ್ನು ಸಂತ ಪೌಲನೇ ಕೊರಿಂಥದವರಿಗೆ ಬರೆದಿದ್ದ. ಹೊಸದಾದದ್ದು ಅದರ ಸುತ್ತ ಬೆಳೆದ ನಿರ್ವಹಣಾ ಶಾಸ್ತ್ರ. ಇಂತಿಷ್ಟು ವರ್ಷಕ್ಕೆ ಇಂತಿಷ್ಟು ಸಭೆ, ತಾಲ್ಲೂಕಿಗೆ ಇಷ್ಟು, ಹೋಬಳಿಗೆ ಇಷ್ಟು ಎಂಬ ಗುರಿ, ತ್ರೈಮಾಸಿಕ ವರದಿ, ನಕ್ಷೆಯ ಮೇಲೆ ಗುಂಡುಸೂಜಿ. ಮಾರಾಟ ಪ್ರತಿನಿಧಿಗಳ ಸಭೆಯಲ್ಲಿ ಕೇಳಿಬರುವ ಭಾಷೆಯೇ ಧರ್ಮಸೇವಕರ ತರಬೇತಿಯಲ್ಲೂ ಕೇಳುವಂತಾಗಿದೆ.

ಈ ಶಾಸ್ತ್ರದ ಪಿತಾಮಹ ಎನ್ನಬಹುದಾದ ಡೊನಾಲ್ಡ್ ಮೆಕ್‌ಗ್ಯಾವ್ರನ್ ಹುಟ್ಟಿದ್ದು 1897ರಲ್ಲಿ, ಇಂದಿನ ಮಧ್ಯಪ್ರದೇಶದ ದಮೋಹ್‌ನಲ್ಲಿ. ಮಿಷನರಿಗಳ ಮನೆಯ ಮಗ. ಶಾಲೆ, ಆಸ್ಪತ್ರೆಗಳನ್ನು ನಡೆಸುತ್ತಾ ಕುಳಿತ ಮಿಷನ್ ಕೇಂದ್ರಗಳಲ್ಲಿ ಸಭೆ ಬೆಳೆಯುತ್ತಿಲ್ಲವೇಕೆ ಎಂಬ ಪ್ರಾಮಾಣಿಕ ಪ್ರಶ್ನೆಯಿಂದ ಅವರ ಚಿಂತನೆ ಹೊರಟಿತು. 1955ರಲ್ಲಿ ಬಂದ 'ದಿ ಬ್ರಿಜಸ್ ಆಫ್ ಗಾಡ್' ಪುಸ್ತಕದಲ್ಲಿ ಅವರು ಬಿಡಿ ವ್ಯಕ್ತಿಗಳ ಬದಲು ಇಡೀ ಸಮುದಾಯಗಳು ಹೇಗೆ ಕ್ರೈಸ್ತರಾಗುತ್ತವೆ ಎಂಬುದನ್ನು ಚರ್ಚಿಸಿದರು. ಜನಾಂಗ, ಭಾಷೆ, ವರ್ಗಗಳ ಗಡಿ ದಾಟದೆಯೇ ಕ್ರೈಸ್ತರಾಗಲು ಜನ ಬಯಸುತ್ತಾರೆ ಎಂಬ ಅವರ ಸೂತ್ರ ಮುಂದೆ ಪ್ರಸಿದ್ಧವಾಯಿತು. ಅಮೆರಿಕದಲ್ಲಿ ಈ ಸೂತ್ರದ ಪರಿಣಾಮ ಏನೇ ಇರಲಿ, ಭಾರತದಲ್ಲಿ ಅದರ ಅರ್ಥ ಜಾತಿಗೊಂದು ಸಭೆ. ಗಡಿ ದಾಟುವುದೇ ತನ್ನ ತಿರುಳು ಎನ್ನುವ ಧರ್ಮಕ್ಕೆ ಗಡಿ ದಾಟದಿರುವುದೇ ತಂತ್ರವಾಗಿ ಒದಗಿತು.

ಹಾಸನದ ರೈತರಿಗೆ ಇದಕ್ಕೆ ಹೋಲಿಕೆಯಾಗುವ ಅನುಭವವೊಂದಿದೆ. ಇಲ್ಲಿನ ಆಲೂಗೆಡ್ಡೆ ಬೆಳೆ ಹೆಸರುವಾಸಿ. ಆದರೆ ಬಿತ್ತನೆ ಗೆಡ್ಡೆ ಪಂಜಾಬಿನ ಜಲಂಧರದಿಂದ ಬರಬೇಕು. ಪ್ರತಿ ವರ್ಷವೂ ತರಿಸಬೇಕು, ಪ್ರತಿ ವರ್ಷವೂ ದುಡ್ಡು ಸುರಿಯಬೇಕು. ಅಂಗಮಾರಿ ರೋಗ ಬಿದ್ದ ವರ್ಷ ಹೊಲವೂ ಹೋಯಿತು, ಸಾಲವೂ ಉಳಿಯಿತು. ಹೀಗೆ ಕೈಸುಟ್ಟುಕೊಂಡ ಅನೇಕರು ಈಗ ಆಲೂಗೆಡ್ಡೆ ಬಿಟ್ಟು ಜೋಳ, ಶುಂಠಿಗೆ ಹೊರಳಿದ್ದಾರೆ. ಹೊರಗಿನ ಬೀಜವೆಂದರೆ ಕೆಟ್ಟದ್ದು ಎಂದಲ್ಲ, ಆಲೂಗೆಡ್ಡೆಯೇ ಹೊರಗಿನಿಂದ ಬಂದದ್ದು. ಬಂದ ಬೀಜ ಈ ಮಣ್ಣಿನಲ್ಲಿ ಮತ್ತೆ ಬೀಜವಾಗದಿದ್ದರೆ ರೈತ ಎಂದೆಂದಿಗೂ ಪರಾಧೀನ ಎಂಬುದಷ್ಟೇ ಮಾತು.

ಸಭೆ ನೆಡುವವರ ಸ್ಥಿತಿಯೂ ಅನೇಕ ಕಡೆ ಹೀಗೆಯೇ ಇದೆ. ಸಣ್ಣ ಊರೊಂದರಲ್ಲಿ ಬಾಡಿಗೆ ಮನೆ ಹಿಡಿದು ಪ್ರಾರ್ಥನೆ ಆರಂಭಿಸುವ ಯುವಕನಿಗೆ ಖಚಿತ ಸಂಬಳವಿರುವುದಿಲ್ಲ. ಪ್ರೋತ್ಸಾಹಧನ ದೂರದ ನಗರದಿಂದ ಬರಬೇಕು, ಬರಬೇಕಾದರೆ ವರದಿಯಲ್ಲಿ ಸಂಖ್ಯೆ ಏರಬೇಕು. ಸಂಖ್ಯೆ ಏರದಿದ್ದರೆ ತನ್ನ ಕರೆಯೇ ಸುಳ್ಳೇನೋ ಎಂಬ ಶಂಕೆ ಅವನನ್ನು ಒಳಗೊಳಗೇ ಕೊರೆಯುತ್ತದೆ. ಏರಿದರೆ ಊರಿನವರ ಕಣ್ಣು ಕೆಂಪಾಗುತ್ತದೆ. ಇಂಥವನಿಗೆ ಉತ್ಸಾಹ ತುಂಬಲೆಂದು ನಗರದ ಹೋಟೆಲುಗಳಲ್ಲಿ ಶಿಬಿರಗಳು ನಡೆಯುತ್ತವೆ. ಶಿಬಿರ ಮುಗಿಸಿ ಹಿಂತಿರುಗಿದ ವಾರದಲ್ಲೇ ಉತ್ಸಾಹ ಇಳಿಯುತ್ತದೆ. ಆತನಿಗೆ ಕೊರತೆಯಾಗಿರುವುದು ಉತ್ಸಾಹವಲ್ಲ, ಉದ್ದೇಶ. ತಾನು ಈ ಊರಿನಲ್ಲಿ ಏಕಿದ್ದೇನೆ ಎಂಬ ಪ್ರಶ್ನೆಗೆ ಸಂಖ್ಯೆಯ ಹೊರತಾದ ಉತ್ತರವನ್ನು ಯಾರೂ ಆತನಿಗೆ ಕೊಟ್ಟಿಲ್ಲ.

ಸಂಖ್ಯೆಯ ಗೀಳು ನೆಡುವವರದು ಮಾತ್ರವಲ್ಲ, ವಿರೋಧಿಸುವವರದೂ ಹೌದು. ರಾಜ್ಯದಲ್ಲಿ ಕ್ರೈಸ್ತರ ಪ್ರಮಾಣ 2001ರ ಜನಗಣತಿಯಲ್ಲಿ ಶೇ 1.91 ಇತ್ತು. 2011ರಲ್ಲಿ ಅದು ಶೇ 1.87. ಹತ್ತು ವರ್ಷಗಳ ಮತಾಂತರದ ಗದ್ದಲವೆಲ್ಲ ಮುಗಿದ ಮೇಲೆ ಪ್ರಮಾಣ ಕೂದಲೆಳೆಯಷ್ಟು ಇಳಿದಿತ್ತು. ಇದೇ ಅವಧಿಯ ನಡುವೆ, 2008ರ ಸೆಪ್ಟೆಂಬರಿನಲ್ಲಿ, ಮಂಗಳೂರು ಮತ್ತಿತರ ಕಡೆ ಚರ್ಚ್‌ಗಳ ಹಾಗೂ ಪ್ರಾರ್ಥನಾ ಮಂದಿರಗಳ ಮೇಲೆ ದಾಳಿ ನಡೆಯಿತು ಎಂಬುದನ್ನು ಮರೆಯುವಂತಿಲ್ಲ. ಹೆಚ್ಚಿದೆ ಎಂದು ಹೆಮ್ಮೆಪಡುವ ವರದಿ, ಹೆಚ್ಚಿತು ಎಂದು ಬೆಚ್ಚುವ ಭಾಷಣ ಇವೆರಡೂ ಒಂದೇ ಅಳತೆಗೋಲನ್ನು ಹಿಡಿದಿವೆ. ಎರಡೂ ಕಡೆ ಮನುಷ್ಯ ತಲೆಯೆಣಿಕೆಯ ಒಂದು ಅಂಕಿ.

ಕಾನೂನಿನ ಸ್ಥಿತಿಯೂ ತಿಳಿದಿರಬೇಕು. ಸಂವಿಧಾನದ 25ನೇ ವಿಧಿ ಧರ್ಮವನ್ನು ಆಚರಿಸುವ ಹಾಗೂ ಪ್ರಚಾರ ಮಾಡುವ ಹಕ್ಕು ನೀಡುತ್ತದೆ. ಆದರೆ ಪ್ರಚಾರದ ಹಕ್ಕಿನಲ್ಲಿ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಅಡಕವಾಗಿಲ್ಲವೆಂದು 1977ರಲ್ಲಿ ಸ್ಟ್ಯಾನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕರ್ನಾಟಕದಲ್ಲಿ 2022ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆಯಾಗಿ ಬಂದ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ರಕ್ಷಣಾ ಕಾನೂನು ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅಧಿನಿಯಮವಾಯಿತು. ಮತಾಂತರಕ್ಕೆ 30 ದಿನ ಮುಂಚಿತವಾಗಿ ಜಿಲ್ಲಾಡಳಿತಕ್ಕೆ ತಿಳಿಸಬೇಕೆಂದೂ, ಆಮಿಷದ ಮತಾಂತರಕ್ಕೆ ಸೆರೆವಾಸವೆಂದೂ ಅದು ವಿಧಿಸಿತು. ಆಮಿಷವೆಂದರೇನು ಎಂಬ ವ್ಯಾಖ್ಯಾನದಲ್ಲಿ ಉಡುಗೊರೆ, ಹಣದ ಜೊತೆಗೆ ಉದ್ಯೋಗ, ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಉಚಿತ ಶಿಕ್ಷಣ, ಉತ್ತಮ ಜೀವನಶೈಲಿಯ ಭರವಸೆಗಳೂ ಸೇರಿದವು. ಹೊಸ ಸರ್ಕಾರ ಬಂದ ಬಳಿಕ, 2023ರ ಜೂನ್‌ನಲ್ಲಿ, ಈ ಕಾನೂನನ್ನು ಹಿಂಪಡೆಯಲು ಸಚಿವ ಸಂಪುಟ ತೀರ್ಮಾನಿಸಿತು.

ಈ ವ್ಯಾಖ್ಯಾನವನ್ನು ಹಿಂದಿನ ಕಾಲಕ್ಕೆ ಅನ್ವಯಿಸಿ ನೋಡಿದರೆ ಸ್ವಾರಸ್ಯವಿದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಹೆಂಚಿನ ಕಾರ್ಖಾನೆ, ನೇಯ್ಗೆ, ಮುದ್ರಣಾಲಯಗಳನ್ನು ತೆರೆಯಿತು. 1865ರಲ್ಲಿ ಆರಂಭವಾದ ಆ ಹೆಂಚಿನ ಉದ್ಯಮ ಕರಾವಳಿಯ ಮನೆಗಳ ಮಾಡನ್ನೇ ಬದಲಿಸಿತು. ಮಿಷನ್ ಉದ್ಯಮಕ್ಕೆ ಇಳಿದದ್ದೇಕೆ? ಮತ ಬದಲಿಸಿದವನಿಗೆ ಮನೆಯಿಲ್ಲ, ಕುಲವೃತ್ತಿಯಿಲ್ಲ, ಆಸ್ತಿಯಲ್ಲಿ ಪಾಲಿಲ್ಲ ಎಂಬ ಪರಿಸ್ಥಿತಿ ಇತ್ತು. ಅವನನ್ನು ಬೀದಿಯಲ್ಲಿ ಬಿಟ್ಟು ಪ್ರವಚನ ಹೇಳುವುದು ಸಾಧ್ಯವಿರಲಿಲ್ಲ. ಇಂದಿನ ಕಾನೂನಿನ ಕಣ್ಣಿನಲ್ಲಿ ಅದು ಆಮಿಷವಾಗಿ ಕಂಡೀತು. ಅಂದಿನ ಪಾದ್ರಿಗಳ ಕಣ್ಣಿನಲ್ಲಿ ಅದು ಹೊಣೆ.

ಹಾಗೆಂದು ಆಮಿಷದ ಆರೋಪವನ್ನು ನಗೆಯಾಡಿ ತಳ್ಳಿಹಾಕುವುದು ಸರಿಯಲ್ಲ. ಅನುಕೂಲಕ್ಕಾಗಿ ಬಂದವರ ಬಗ್ಗೆ ಮೊದಲು ದೂರಿದ್ದು ಹಿಂದೂ ಸಂಘಟನೆಗಳಲ್ಲ, ಸ್ವತಃ ದ್ಯುಬ್ವಾ. ಸೇವೆಯನ್ನು ಗಾಳವನ್ನಾಗಿ ಬಳಸಿದರೆ ಸೇವೆಗೂ ಅವಮಾನ, ಧರ್ಮಕ್ಕೂ ಅವಮಾನ. ಸೇವೆ ಮಾತ್ರ ಮಾಡಿ, ಮತಾಂತರದ ಆಸೆ ಬಿಡಿ ಎಂದು ಗಾಂಧೀಜಿ ಮಿಷನರಿಗಳಿಗೆ ಮತ್ತೆ ಮತ್ತೆ ಹೇಳಿದ್ದರು. ಆ ಮಾತಿನ ಅರ್ಧ ಭಾಗವನ್ನು ಯಾವ ಷರತ್ತೂ ಇಲ್ಲದೆ ಒಪ್ಪಬಹುದು: ಸೇವೆಗೆ ಮತದ ಬೆಲೆ ಕಟ್ಟಬಾರದು. ಆದರೆ ಒಬ್ಬ ದಲಿತ ಹೆಣ್ಣುಮಗಳು, ತನ್ನನ್ನು ಸಮವಾಗಿ ಕಂಡವರ ದೇವರನ್ನು ತಾನೂ ನಂಬುತ್ತೇನೆ ಎಂದು ನಿರ್ಧರಿಸಿದರೆ ಆ ನಿರ್ಧಾರ ಅವಳದು. ಅವಳಿಗೆ ಬುದ್ಧಿಯಿಲ್ಲ, ಯಾರೋ ಮರುಳು ಮಾಡಿದರು ಎಂದು ಭಾವಿಸುವ ಕಾನೂನು ಅವಳನ್ನು ರಕ್ಷಿಸುವುದಿಲ್ಲ, ಕುಗ್ಗಿಸುತ್ತದೆ. ಅವಳನ್ನು ತನ್ನ ವರದಿಯ ಒಂದು ಅಂಕಿಯಾಗಿ ನೋಡುವ ಪ್ರಚಾರಕನೂ ಅದನ್ನೇ ಮಾಡುತ್ತಾನೆ.

ಬಾಸೆಲ್ ಮಿಷನ್ನಿನಿಂದ ಕಲಿಯಬೇಕಾದದ್ದು ಇನ್ನೂ ಒಂದಿದೆ. 1843ರಲ್ಲಿ ಹರ್ಮನ್ ಮೊಗ್ಲಿಂಗ್ ಅವರು 'ಮಂಗಳೂರ ಸಮಾಚಾರ' ತಂದರು, ಕನ್ನಡ ಪತ್ರಿಕೋದ್ಯಮದ ಚರಿತ್ರೆ ಅಲ್ಲಿಂದ ಆರಂಭವಾಗುತ್ತದೆ. 1853ರಲ್ಲಿ ಬಂದ ಫರ್ಡಿನೆಂಡ್ ಕಿಟೆಲ್ ಅವರಿಗೆ ಕನ್ನಡ ಕಾವ್ಯ, ಛಂದಸ್ಸು, ಶಬ್ದಗಳ ಹುಚ್ಚು ಹಿಡಿಯಿತು. ಕ್ರಿಸ್ತನ ಕಥೆಯನ್ನು ಇಲ್ಲಿನ ಛಂದಸ್ಸಿನಲ್ಲಿ ಹೇಳಲು 'ಕಥಾಮಾಲೆ' ರಚಿಸಿದರು. ಪ್ರಚಾರಕ್ಕಿಂತ ಪಾಂಡಿತ್ಯದತ್ತ ವಾಲುತ್ತಿದ್ದಾರೆಂಬ ಅಸಮಾಧಾನ ಮಿಷನ್ನಿನ ಒಳಗೇ ಇತ್ತು. ಕೊನೆಗೆ 1894ರಲ್ಲಿ ಸುಮಾರು 70,000 ಶಬ್ದಗಳ ನಿಘಂಟು ಹೊರಬಂತು. ಕಿಟೆಲ್ ಎಷ್ಟು ಮಂದಿಗೆ ದೀಕ್ಷಾಸ್ನಾನ ಕೊಟ್ಟರು ಎಂದು ಇಂದು ಯಾರೂ ಕೇಳುವುದಿಲ್ಲ. ಅವರ ನಿಘಂಟು ತೆರೆಯದ ಕನ್ನಡ ವಿದ್ವಾಂಸನೂ ಇಲ್ಲ. ಹೊಸ ಆಲೋಚನೆ ಅವರಿಗೆ ಬಂದದ್ದು ಬಾಸೆಲ್ಲಿನ ಕೇಂದ್ರ ಕಚೇರಿಯಿಂದಲ್ಲ, ತಾವು ಕಲಿಸಲು ಬಂದ ಜನರಿಂದ ತಾವೇ ಕಲಿಯಲು ಕುಳಿತಾಗ.

ಈಗ ಹಾಸನಕ್ಕೆ ಮರಳೋಣ. ಕಟ್ಟಾಯ, ಗೊರೂರುಗಳ ಸೀಮೆಯಲ್ಲಿ ಹೇಮಾವತಿಯ ಹಿನ್ನೀರಿನ ನಡುವೆ ನಿಂತ ಶೆಟ್ಟಿಹಳ್ಳಿಯ ಚರ್ಚನ್ನು ನೋಡದವರು ಕಡಿಮೆ, ನೇರವಾಗಿ ಅಲ್ಲದಿದ್ದರೆ ಚಿತ್ರದಲ್ಲಾದರೂ. ಹಾಸನದಿಂದ ಸುಮಾರು 20 ಕಿಲೋಮೀಟರ್ ದೂರ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಗಾಥಿಕ್ ಶೈಲಿಯಲ್ಲಿ ಕಟ್ಟಿಸಿದ ರೋಸರಿ ಮಾತೆಯ ದೇವಾಲಯವದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಎದ್ದು, 1979ರ ಹೊತ್ತಿಗೆ 37 ಟಿಎಂಸಿ ನೀರು ಹಿಡಿಯುವ ಜಲಾಶಯ ಸಿದ್ಧವಾದಾಗ ಸುತ್ತಲಿನ ಊರುಗಳೊಂದಿಗೆ ಶೆಟ್ಟಿಹಳ್ಳಿಯೂ ಎದ್ದುಹೋಯಿತು. ಮಳೆಗಾಲದಲ್ಲಿ ಅರ್ಧ ಮುಳುಗಿ, ಬೇಸಿಗೆಯಲ್ಲಿ ಬುಡದವರೆಗೆ ಬಯಲಾಗುವ ಆ ಪಾಳುಗೋಡೆಗಳು ಇಂದು ಪ್ರವಾಸಿ ತಾಣ. ಮದುವೆಗೆ ಮುಂಚಿನ ಛಾಯಾಚಿತ್ರಗಳಿಗೆ ಹೇಳಿ ಮಾಡಿಸಿದ ಹಿನ್ನೆಲೆ.

ಅಲ್ಲಿ ನಿಂತವರು ಕಟ್ಟಡದ ವಯಸ್ಸು ಕೇಳುತ್ತಾರೆ, ಗಾರೆಗೆ ಬೆಲ್ಲ ಮೊಟ್ಟೆ ಬೆರೆಸಿದ್ದರಂತೆ ಎಂಬ ಕಥೆ ಕೇಳುತ್ತಾರೆ. ಅಲ್ಲಿ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದ ಜನ ಎಲ್ಲಿಗೆ ಹೋದರು ಎಂದು ಕೇಳುವವರು ವಿರಳ. ಅವರು ಗಂಟುಮೂಟೆ ಕಟ್ಟಿ ಪುನರ್ವಸತಿಯ ನೆಲೆಗಳಿಗೆ ಹೋದರು. ಜೊತೆಯಲ್ಲಿ ತಮ್ಮ ಹಬ್ಬ, ಹಾಡು, ಜಪಮಾಲೆಗಳನ್ನು ಒಯ್ದರು. ಅವರ ನೆರೆಯ ಒಕ್ಕಲಿಗರೂ ಲಿಂಗಾಯತರೂ ದಲಿತರೂ ಅದೇ ನೀರಿಗೆ ಊರು ಬಿಟ್ಟು, ತಮ್ಮ ತಮ್ಮ ದೇವರನ್ನು ಹೊತ್ತು ನಡೆದರು. ಮುಳುಗಡೆಯ ಪರಿಹಾರಕ್ಕಾಗಿ ಕಚೇರಿಗಳ ಮುಂದೆ ನಿಂತ ಸಾಲಿನಲ್ಲಿ ಯಾವ ಮತದವರು ಎಷ್ಟು ಎಂಬುದು ಮುಖ್ಯವಾಗಿರಲಿಕ್ಕಿಲ್ಲ. ಚರ್ಚ್ ಎಂದರೆ ಕಟ್ಟಡವಲ್ಲ, ಜನ ಎಂದು ಪ್ರತಿ ಭಾನುವಾರ ಪೀಠದಿಂದ ಹೇಳಲಾಗುತ್ತದೆ. ಹೇಮಾವತಿಯ ನೀರು ಅದನ್ನು ಒಂದೇ ಮಳೆಗಾಲದಲ್ಲಿ ಮನದಟ್ಟು ಮಾಡಿಸಿತು.

ಇಷ್ಟಾದರೂ ಸಭೆ ನೆಡುವವರ ಮೊದಲ ಕನಸು ಇಂದಿಗೂ ನಿವೇಶನ, ಎರಡನೆಯದು ಧ್ವನಿವರ್ಧಕ. ಘರ್ಷಣೆ ಹುಟ್ಟುವುದೂ ಹೆಚ್ಚಾಗಿ ಇವೆರಡರ ಸುತ್ತಲೇ. ಕಟ್ಟಡವಿಲ್ಲದೆ ಆರಂಭಿಸಿದರೆ ಏನು ಮಾಡಬಹುದು ಎಂಬ ದಿಕ್ಕಿನಲ್ಲಿ ಯೋಚಿಸಿದರೆ ಹೊಸ ದಾರಿಗಳು ಕಾಣುತ್ತವೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಹಳ್ಳಿಗಳನ್ನು ನೋಡಿ. ಮಕ್ಕಳು ಬೆಂಗಳೂರು ಸೇರಿದ ಮನೆಗಳಲ್ಲಿ ಮುದುಕ ಮುದುಕಿಯರು ಇಬ್ಬರೇ ಉಳಿದಿದ್ದಾರೆ. ಮಾತ್ರೆ ತಂದುಕೊಡುವವರಿಲ್ಲ, ಆಸ್ಪತ್ರೆಗೆ ಕರೆದೊಯ್ಯುವವರಿಲ್ಲ. ಕುಡಿತದಿಂದ ಒಡೆದ ಸಂಸಾರಗಳಿವೆ. ಬೆಳೆ ಕೈಕೊಟ್ಟಾಗ ಬಡ್ಡಿ ಸಾಲದವನ ಮುಂದೆ ಒಬ್ಬಂಟಿಯಾಗಿ ನಿಲ್ಲುವ ರೈತನಿದ್ದಾನೆ. ವಾಸಿಯಾಗದ ಕಾಯಿಲೆಯಿಂದ ನರಳುವವರ ಕೊನೆಯ ದಿನಗಳ ಆರೈಕೆಗೆ ಹಳ್ಳಿಗಳಲ್ಲಿ ವ್ಯವಸ್ಥೆಯೇ ಇಲ್ಲ. ಹತ್ತು ಜನರ ಪ್ರಾರ್ಥನಾ ಗುಂಪೊಂದು ಇವುಗಳಲ್ಲಿ ಒಂದನ್ನು ತನ್ನ ಹೊಣೆಯೆಂದು ಎತ್ತಿಕೊಂಡರೆ, ಮತ ಕೇಳದೆ ಎತ್ತಿಕೊಂಡರೆ, ಆ ಗುಂಪಿಗೆ ಆ ಊರಿನಲ್ಲಿ ಇರಲು ಕಾರಣ ಸಿಗುತ್ತದೆ. ನಮ್ಮ ಸಭೆ ನಾಳೆ ಇಲ್ಲವಾದರೆ ಕ್ರೈಸ್ತರಲ್ಲದ ನೆರೆಯವನಿಗೆ ಏನಾದರೂ ನಷ್ಟವಾಗುತ್ತದೆಯೇ? ಪ್ರತಿ ಸಭೆಯೂ ವರ್ಷಕ್ಕೊಮ್ಮೆ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ಸಂಖ್ಯೆಯ ಅಂಕಣವಿರುವ ವರದಿಯಲ್ಲಿ ಇದಕ್ಕೆ ಜಾಗವಿಲ್ಲ.

ಇಪ್ಪತ್ತನೇ ಶತಮಾನದ ಆರಂಭದಲ್ಲಿ ವೆಸ್ಲಿಯನ್ ಮಿಷನ್ ಹಾಸನದಲ್ಲಿ ಕಟ್ಟಿದ ರೆಡ್‌ಫರ್ನ್ ಸ್ಮಾರಕ ಆಸ್ಪತ್ರೆಯನ್ನು ಈ ಜಿಲ್ಲೆಯ ಹಳಬರು 'ಮಿಷನ್ ಆಸ್ಪತ್ರೆ' ಎಂದೇ ಬಲ್ಲರು. ಹೆಂಗಸರು ಗಂಡು ವೈದ್ಯರ ಮುಂದೆ ಬಾರದ ಕಾಲದಲ್ಲಿ ಹೆರಿಗೆಗೆಂದು ಅಲ್ಲಿಗೆ ಹೋದವರೆಷ್ಟೋ. ಹೋದವರು ತಮ್ಮ ಕುಂಕುಮ ಅಳಿಸಿಕೊಂಡು ಬರಲಿಲ್ಲ, ಕೂಸನ್ನೆತ್ತಿಕೊಂಡು ಬಂದರು. ಅಂಥ ಕಡೆ ಮಿಷನ್ನಿನ ಬಗ್ಗೆ ಊರಿಗೆ ಇರುವ ಗೌರವ ಯಾವ ಪ್ರಚಾರದಿಂದಲೂ ಬಂದದ್ದಲ್ಲ.

ಭಾಷೆ ಮತ್ತು ಜಾತಿ, ಇವೆರಡು ಪರೀಕ್ಷೆಗಳಲ್ಲಿ ಹಳೆಯ ಚರ್ಚ್‌ಗಳೂ ಹೊಸ ಸಭೆಗಳೂ ಪೂರ್ತಿ ತೇರ್ಗಡೆಯಾಗಿಲ್ಲ. 1962ರಿಂದ 65ರವರೆಗೆ ನಡೆದ ಎರಡನೇ ವ್ಯಾಟಿಕನ್ ಮಹಾಸಭೆ ಸ್ಥಳೀಯ ಭಾಷೆಯಲ್ಲಿ ಪೂಜೆಗೆ ಬಾಗಿಲು ತೆರೆಯಿತು. ಆದರೂ ರಾಜ್ಯದ ರಾಜಧಾನಿಯಲ್ಲೇ ಚರ್ಚಿನೊಳಗೆ ಕನ್ನಡಕ್ಕೆ ನ್ಯಾಯವಾದ ಸ್ಥಾನ ಬೇಕೆಂದು ಕನ್ನಡ ಕ್ರೈಸ್ತರು ದಶಕಗಳ ಕಾಲ ಹೋರಾಡಬೇಕಾಯಿತು. ಹೊಸ ಸಭೆಗಳಲ್ಲಿ ಕನ್ನಡವಿದೆ, ಆದರೆ ಅನೇಕ ಕಡೆ ಅದು ಇಂಗ್ಲಿಷ್ ರಾಗಕ್ಕೆ ಜೋಡಿಸಿದ ಕನ್ನಡ. ಸುಗ್ಗಿಯ ಪದ, ಸೋಬಾನೆ, ತತ್ವಪದಗಳಿಂದ ತುಂಬಿದ ಜಿಲ್ಲೆಯಲ್ಲಿ ದೇವರನ್ನು ಹಾಡಲು ಎರವಲು ರಾಗ ಬೇಕೇ? ಮೊಗ್ಲಿಂಗ್, ಕಿಟೆಲ್ ಅವರಿಗೆ 150 ವರ್ಷಗಳ ಹಿಂದೆ ಹೊಳೆದದ್ದು ಇಂದಿನ ತರಬೇತಿ ಕೇಂದ್ರಗಳಿಗೆ ಹೊಳೆಯದಿರುವುದು ಆಶ್ಚರ್ಯ.

ಜಾತಿಯ ಪ್ರಶ್ನೆ ಇನ್ನೂ ಕಠಿಣ. 1950ರ ರಾಷ್ಟ್ರಪತಿ ಆದೇಶದ ಕಾರಣ ಕ್ರೈಸ್ತರಾದ ದಲಿತರಿಗೆ ಪರಿಶಿಷ್ಟ ಜಾತಿಯ ಸ್ಥಾನಮಾನವಿಲ್ಲ. ಮತ ಬದಲಿಸಿದೊಡನೆ ಜಾತಿ ಹೋಗುತ್ತದೆ ಎಂಬ ತರ್ಕ ಅದು. ಹೋಗುವುದಿಲ್ಲ ಎಂಬುದಕ್ಕೆ ಚರ್ಚುಗಳ ಒಳಗಿನ ವೈವಾಹಿಕ ಸಂಬಂಧಗಳೇ ಸಾಕ್ಷಿ. 2025ರ ಸೆಪ್ಟೆಂಬರಿನಲ್ಲಿ ರಾಜ್ಯದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಯ ಪಟ್ಟಿಯಲ್ಲಿ ಹಲವು ಜಾತಿ ಹೆಸರುಗಳ ಮುಂದೆ ಕ್ರಿಶ್ಚಿಯನ್ ಎಂಬ ಪದ ಕಾಣಿಸಿಕೊಂಡಾಗ ಎದ್ದ ವಿವಾದವನ್ನು ಓದುಗರು ಬಲ್ಲರು. ಗದ್ದಲದ ನಡುವೆ ಮೂಲ ಪ್ರಶ್ನೆ ಕಳೆದುಹೋಯಿತು. ಆ ಪಟ್ಟಿ ತಪ್ಪೋ ಸರಿಯೋ, ಅದು ತೋರಿಸಿದ ಕನ್ನಡಿಯಲ್ಲಿ ಚರ್ಚ್ ತನ್ನ ಮುಖ ನೋಡಿಕೊಂಡಿತೇ? ಎಲ್ಲ ಕೇರಿಯವರೂ ಒಂದೇ ಬಟ್ಟಲಿನಿಂದ ಪ್ರಸಾದ ಸ್ವೀಕರಿಸುವ ಒಂದು ಸಭೆ ಒಂದು ಹೋಬಳಿಯಲ್ಲಿ ನಿಂತರೂ ಅದು ನೂರು ಗುಂಡುಸೂಜಿಗಳಿಗೆ ಸಮ. ಅದಕ್ಕೆ ಮೆಕ್‌ಗ್ಯಾವ್ರನ್ ಸೂತ್ರವನ್ನು ತಲೆಕೆಳಗು ಮಾಡುವ ಧೈರ್ಯ ಬೇಕು.

ಇನ್ನು ಪಾರದರ್ಶಕತೆಯ ಮಾತು. ಸಭೆ ನಡೆಸುವವರು ತಮ್ಮ ಹಣದ ಮೂಲ ಹಾಗೂ ಖರ್ಚನ್ನು ಊರಿನವರ ಮುಂದೆ ಇಡಲು ಹಿಂಜರಿಯಬಾರದು. ಸ್ವಾವಲಂಬನೆ, ಸ್ವಯಮಾಡಳಿತ, ಸ್ವಯಂಪ್ರಸಾರ ಎಂಬ ಮೂರು ಗುಣಗಳಿಲ್ಲದ ಸಭೆ ಬೇರೂರುವುದಿಲ್ಲವೆಂದು ಹೆನ್ರಿ ವೆನ್ ಹತ್ತೊಂಬತ್ತನೇ ಶತಮಾನದಲ್ಲೇ ಹೇಳಿದ್ದರು. ತನ್ನ ದೀಪದ ಎಣ್ಣೆಯನ್ನು ತಾನೇ ಹೊಂದಿಸಿಕೊಳ್ಳುವ ಇಪ್ಪತ್ತು ಜನರ ಸಭೆ, ಹೊರಗಿನ ಹಣದಿಂದ ನಿಂತ ಇನ್ನೂರು ಜನರ ಸಭೆಗಿಂತ ಗಟ್ಟಿ. ಶಂಕೆ ಕರಗುವುದೂ ಇದರಿಂದಲೇ. ಊರಿನ ದುಡ್ಡಿನಿಂದ ಉರಿಯುವ ದೀಪವನ್ನು ಊರು ಅನುಮಾನಿಸುವುದು ಕಡಿಮೆ.

ಶಂಕೆಯ ಆಚೆಗಿರುವವರಿಗೂ ಒಂದು ಮಾತು. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ 1368ರ ಶಾಸನವೊಂದಿದೆ. ಜೈನರಿಗೂ ಶ್ರೀವೈಷ್ಣವರಿಗೂ ವ್ಯಾಜ್ಯ ಹುಟ್ಟಿದಾಗ ವಿಜಯನಗರದ ಬುಕ್ಕರಾಯ ಎರಡೂ ಕಡೆಯವರನ್ನು ಕೂಡಿಸಿ, ಎರಡೂ ದರ್ಶನಗಳ ನಡುವೆ ಭೇದವಿಲ್ಲವೆಂದು ಸಾರಿ, ಜೈನರ ರಕ್ಷಣೆಯ ಹೊಣೆಯನ್ನು ವೈಷ್ಣವರ ಮೇಲೆಯೇ ಹೊರಿಸಿದ. ಬಲವುಳ್ಳವರು ಬಲವಿಲ್ಲದವರನ್ನು ಕಾಯಬೇಕೆಂಬ ಒಪ್ಪಂದ ಕಲ್ಲಿನ ಮೇಲೆ ಬಿದ್ದ ಜಿಲ್ಲೆ ಇದು. ಹತ್ತು ಜನ ಒಂದು ಮನೆಯಲ್ಲಿ ಕುಳಿತು ಪ್ರಾರ್ಥಿಸಿದರೆ ಪೊಲೀಸರಿಗೆ ದೂರು ಕೊಡುವ ಮುನ್ನ ಈ ಶಾಸನ ನೆನಪಾಗಬೇಕು.

1910ರಲ್ಲಿ ಎಡಿನ್‌ಬರೋದಲ್ಲಿ ಜಗತ್ತಿನ ಮಿಷನರಿ ಸಂಸ್ಥೆಗಳ ಮಹಾಸಮ್ಮೇಳನ ನಡೆಯಿತು. ಜಗತ್ತನ್ನೇ ಕ್ರೈಸ್ತಮಯವಾಗಿಸುವ ಲೆಕ್ಕಾಚಾರ, ನಕ್ಷೆ, ಅಂಕಿ ಅಂಶಗಳ ನಡುವೆ ದಕ್ಷಿಣ ಭಾರತದ ವೇದನಾಯಗಂ ಸ್ಯಾಮ್ಯುಯೆಲ್ ಅಜರಯ್ಯ ಎದ್ದು ನಿಂತರು. ಎರಡು ವರ್ಷಗಳ ನಂತರ ದೋರ್ನಕಲ್‌ನಲ್ಲಿ ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್ ಆದವರು ಅವರು. ನೀವು ನಮ್ಮ ಬಡವರಿಗಾಗಿ ಹಣ ಕೊಟ್ಟಿರಿ, ಪ್ರಾಣವನ್ನೂ ಕೊಟ್ಟಿರಿ, ಆದರೆ ನಮಗೆ ಬೇಕಾದದ್ದು ಪ್ರೀತಿ, ನಮಗೆ ಗೆಳೆಯರನ್ನು ಕೊಡಿ ಎಂಬ ಅರ್ಥದಲ್ಲಿ ಅವರಾಡಿದ ಮಾತು ಸಭಾಂಗಣವನ್ನು ಕಲಕಿತು. ಅಂದು ಬಿಳಿಯ ಮಿಷನರಿಗಳಿಗೆ ಹೇಳಿದ ಆ ಮಾತು ಇಂದು ಹಳ್ಳಿಗೆ ಹೊರಟ ನಮ್ಮವರೇ ಆದ ಪ್ರಚಾರಕರಿಗೂ ಸಲ್ಲುತ್ತದೆ. ಕಟ್ಟಾಯದಂಥ ಊರಿನ ಸಂತೆಗೆ ಬಂದಿಳಿಯುವ ಯುವಕನ ಚೀಲದಲ್ಲಿ ಕರಪತ್ರಗಳಿರಬಹುದು. ಊರಿಗೆ ಬೇಕಾಗಿರುವುದು ಹತ್ತು ವರ್ಷ ಅಲ್ಲೇ ಇರುವ, ತನ್ನ ಬಿತ್ತನೆಯನ್ನು ತಾನೇ ಬೆಳೆದುಕೊಳ್ಳುವ, ತಲೆ ಎಣಿಸದ ಒಬ್ಬ ನೆರೆಯವನು. ಅಂಥವನು ನೆಟ್ಟದ್ದು ಸಭೆಯಾಗಿ ಬೆಳೆಯುತ್ತದೋ ಇಲ್ಲವೋ ಅವನ ಕೈಯಲ್ಲಿಲ್ಲ. ಊರು ಅವನನ್ನು ತನ್ನವನೆಂದು ಕರೆದೀತು ಎಂಬುದರಲ್ಲಿ ಮಾತ್ರ ಅನುಮಾನವಿಲ್ಲ.